ಪ್ಲೈವುಡ್ಡಿನ ಗುಂಡಿ

ತಪ್ಪು ನನ್ನದು. ಮೊದಲು ಅದನ್ನೇ ಬರೆದುಬಿಡುತ್ತೇನೆ. ಮುಂದೆ ಬರೆಯಲು ಧೈರ್ಯ ಸಾಲದೆ ಹೋದರೆ ಇಷ್ಟಾದರೂ ಉಳಿಯಲಿ.

ಬಳ್ಳಾರಿ ದಾಟಿ ಸಿರುಗುಪ್ಪದ ಕಡೆ ಹೊರಟರೆ ರಸ್ತೆ ಬದಿಗೆ ಒಂದು ಆರ್ಕಿಟೆಕ್ಚರ್ ಕಾಲೇಜು ಸಿಗುತ್ತದೆ. ಅಲ್ಲಿಯ ವರ್ಕ್‌ಶಾಪಿನಲ್ಲಿ ನಾನು ಸಹಾಯಕ. ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದು ತಂದ ಮನೆಗಳನ್ನು ರಟ್ಟು, ಪ್ಲೈವುಡ್ ಕೊಯ್ದು ನಿಲ್ಲಿಸಿಕೊಡುವುದು ನನ್ನ ಕೆಲಸ. ಹಗಲು ಇದನ್ನು ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಅದರಿಂದ ಕೆಲಸ ಬದಲಾಗಲಿಲ್ಲ. ಅರ್ಜಿ ತುಂಬುವಾಗ ಬೇರೆಯವರ ಮುಖ ನೋಡುವುದು ಮಾತ್ರ ತಪ್ಪಿತು.

ನನ್ನದು ಗುತ್ತಿಗೆ ಕೆಲಸ. ಹನ್ನೊಂದು ತಿಂಗಳಿಗೊಮ್ಮೆ ನನ್ನನ್ನು ಬಿಡಿಸಿ, ಒಂದು ದಿನ ಮನೆಯಲ್ಲಿ ಕೂರಿಸಿ, ಮರುದಿನ ಮತ್ತೆ ತೆಗೆದುಕೊಳ್ಳುತ್ತಾರೆ. ಆರು ವರ್ಷದಿಂದ ಹೀಗೇ ನಡೆದಿದೆ. ಆ ಒಂದು ದಿನ ನನಗೆ ಅನ್ನ ಇಳಿಯುವುದಿಲ್ಲ. ಯಾರು ಕರೆದರೂ ಬೆಚ್ಚಿಬೀಳುತ್ತೇನೆ. ಈ ಸಲ ಆ ದಿನ ಕಾಲೇಜಿನ ಮಾನ್ಯತೆಯ ಇನ್‌ಸ್ಪೆಕ್ಷನ್ ಆದ ಮರುವಾರವೇ ಬಂದಿತ್ತು.

ಅರುಣಾ ಮೇಡಂ ಬೆಂಗಳೂರಿನಿಂದ ಬಂದವರು. ಎರಡನೇ ವರ್ಷದವರಿಗೆ ಸಮಾಜದ ಅರಿವು ಎನ್ನುವ ಹೊಸ ಪಾಠ ತೆಗೆದುಕೊಳ್ಳುತ್ತಿದ್ದರು. ಕಟ್ಟಡ ಬರೆಯುವವನು ಮೊದಲು ಅದನ್ನು ಕಟ್ಟುವವರನ್ನು, ತೊಳೆಯುವವರನ್ನು ನೋಡಬೇಕು ಎನ್ನುತ್ತಿದ್ದರು. ಬಾಗಿಲ ಹೊರಗೆ ರಟ್ಟು ಕೊಯ್ಯುತ್ತ ನಾನೂ ಕೇಳಿಸಿಕೊಳ್ಳುತ್ತಿದ್ದೆ. ಅವರು ನನಗೆ 'ನೀವು' ಎನ್ನುತ್ತಿದ್ದರು. ಆ ಕಾಲೇಜಿನಲ್ಲಿ ನನಗೆ ಹಾಗೆಂದವರು ಅವರೊಬ್ಬರೇ.

ಇನ್‌ಸ್ಪೆಕ್ಷನ್‌ಗೆ ಒಂದು ತಿಂಗಳು ಮುಂಚೆ ಅವರು ಹುಡುಗರನ್ನು ಕುರುಗೋಡಿಗೆ ಕರೆದುಕೊಂಡು ಹೋದರು. ಹಳೆಯ ಗುಡಿಯ ಅಳತೆ ತೆಗೆಯುವ ಕೆಲಸ. ಟೇಪಿನ ಒಂದು ತುದಿ ಹುಡುಗರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮೇಡಂ ನನ್ನ ಹತ್ತಿರ ಬಂದು ಕೂತರು.

"ಯಾಕೆ ಅಮರೇಶ್, ಬೆಳಗಿನಿಂದ ಒಂದು ಮಾತೂ ಆಡಲಿಲ್ಲ ನೀವು?"

ಏನಿಲ್ಲ ಮೇಡಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿಬಿಟ್ಟೆ.

ಆ ಊರಿನ ಒಬ್ಬ ಅಕ್ಕಿ ವ್ಯಾಪಾರಿಯ ಮನೆಯ ಪಾಯಿಖಾನೆ ಗುಂಡಿಯಲ್ಲಿ ನನ್ನ ಚಿಕ್ಕಪ್ಪ ತಿಪ್ಪೇಸ್ವಾಮಿ ಸತ್ತದ್ದು. ಹನ್ನೊಂದು ವರ್ಷದ ಹಿಂದೆ. ನಮ್ಮಪ್ಪ ಎರ್ರೆಪ್ಪ ಮೇಲೆ ನಿಂತು ಹಗ್ಗ ಹಿಡಿದಿದ್ದ. ಗುಂಡಿಗೆ ಇಳಿಯುವವನ ಹಗ್ಗವನ್ನು ಹೊರಗಿನವರ ಕೈಗೆ ಕೊಡುವುದಿಲ್ಲ ನಮ್ಮವರು. ಅಣ್ಣ, ತಮ್ಮ, ಅಪ್ಪ, ಮಗ, ರಕ್ತ ಹಂಚಿಕೊಂಡವನೇ ಹಿಡಿಯಬೇಕು. ಉಳಿದವರು ವಾಸನೆಗೆ ಬಿಟ್ಟು ಓಡುತ್ತಾರೆ. ಚಿಕ್ಕಪ್ಪ ಒಳಗೆ ಹೋಗಿ ಎರಡು ಬಕೆಟ್ ಕಳಿಸಿದ. ಮೂರನೆಯದು ಬರಲಿಲ್ಲ. ಅಪ್ಪ ಎಳೆದ. ಬರೀ ಹಗ್ಗ ಬಂತು. ಅಪ್ಪ ಹಾಗೇ ಧುಮುಕಿದ. ಅಲ್ಲಿದ್ದವರು ಅವನನ್ನು ಕೂದಲು ಹಿಡಿದು ಮೇಲೆ ಎಳೆದು ಹಾಕಿದರಂತೆ. ಚಿಕ್ಕಪ್ಪನನ್ನು ಹೊರಗೆ ತೆಗೆಯಲು ಸಂಜೆಯಾಯಿತು. ಅಪ್ಪನಿಗೆ ಅಂದಿನಿಂದ ಉಸಿರು ಪೂರ್ತಿ ಬರುವುದಿಲ್ಲ. ಅಂದಿನಿಂದ ಅವನು ಯಾವ ಗುಂಡಿಗೂ ಇಳಿದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಾನೆ.

ಮೇಡಂ ಕಣ್ಣು ಒರೆಸಿಕೊಂಡರು. ನನಗೆ ಎದೆ ಹಗುರಾಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಹತ್ತು ದಿನ ಬಿಟ್ಟು ಅವರು ಒಂದು ಡ್ರಾಯಿಂಗ್ ತಂದು ನನ್ನ ಮೇಜಿನ ಮೇಲೆ ಹಾಸಿದರು.

"ನಿಮ್ಮ ಮಾತು ಕೇಳಿ ನನಗೆ ನಿದ್ದೆ ಬರಲಿಲ್ಲ ಅಮರೇಶ್. ಇದನ್ನು ನಿಜವಾದ ಅಳತೆಯಲ್ಲೇ ಮಾಡೋಣ. ಆ ಗುಂಡಿ ಎಷ್ಟು ಇಕ್ಕಟ್ಟು ಅಂತ ಹುಡುಗರು ನೋಡಲಿ. ಇನ್‌ಸ್ಪೆಕ್ಷನ್‌ನವರೂ ನೋಡಲಿ."

ಆಳೆತ್ತರದ ಪೆಟ್ಟಿಗೆ. ಮೇಲೆ ಒಂದು ದುಂಡನೆಯ ಬಾಯಿ. ಹತ್ತಲು ನಾಲ್ಕು ಮೆಟ್ಟಿಲು. ಮುಂದಿನ ಗೋಡೆಗೆ ಪ್ಲೈವುಡ್ ಅಲ್ಲ, ಗಾಜಿನಂಥ ಪಾರದರ್ಶಕ ಹಾಳೆ. ಒಳಗೆ ಇಳಿದವನ ಮೈ ಹೊರಗಿನವರಿಗೆ ಕಾಣಬೇಕು.

"ಒಳಗೆ ಯಾರು ಇಳಿತಾರೆ ಮೇಡಂ?" ಎಂದೆ.

"ನಿಮ್ಮ ತಂದೆ ಬಂದು ತೋರಿಸಿದರೆ... ಬಲವಂತ ಇಲ್ಲ. ಅವರನ್ನು ಅತಿಥಿ ಅಂತಲೇ ಕರೆಯೋದು. ಶಾಲು ಹೊದಿಸೋಣ. ಅವರ ಅನುಭವ ನಮ್ಮ ಯಾರ ಹತ್ತಿರ ಇದೆ ಹೇಳಿ?"

ಮೇಡಂ ಕೆಟ್ಟವರಲ್ಲ. ಪ್ಲೈವುಡ್ಡಿಗೆ ವಾಸನೆ ಇಲ್ಲ, ವಿಷದ ಗಾಳಿ ಇಲ್ಲ. ಹುಡುಗರು ಕಲಿಯುತ್ತಾರೆ. ಇದರಲ್ಲಿ ತಪ್ಪೇನು? ತಪ್ಪು ಕಾಣುವ ನನ್ನ ಮನಸ್ಸೇ ಸಣ್ಣದಿರಬಹುದು. ನಾನು ಇನ್ನೂ ಯೋಚಿಸುತ್ತಿರುವಾಗಲೇ ಪ್ರಿನ್ಸಿಪಾಲ್ ದೊಡ್ಡಬಸವರಾಜ ಸರ್ ಬಾಗಿಲಿಗೆ ಬಂದರು.

"ಏನಲೇ ಅಮರೇಶ, ನಿಮ್ಮಪ್ಪ ಸ್ಟಾರ್ ಆಗ್ತಾನಂತಲ್ಲ! ಕರಕೊಂಡು ಬಾ. ನಿನ್ನ ಗುತ್ತಿಗಿ ಆರ್ಡರೂ ಇನ್‌ಸ್ಪೆಕ್ಷನ್ ಆದ ಮರುವಾರ ಐತಿ. ನೆನಪೈತಿಲ್ಲೋ?"

ನಗುತ್ತಲೇ ಅಂದರು. ಅದು ಹೆದರಿಕೆ ಹಾಕಿದ್ದೋ ಬರೀ ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ. "ಐತ್ರಿ ಸರ್" ಎಂದೆ.

ಪೆಟ್ಟಿಗೆ ಮಾಡಲು ಎಂಟು ದಿನ ಹಿಡಿಯಿತು. ಎರಡನೇ ವರ್ಷದ ಹುಡುಗ ವಿರೂಪಾಕ್ಷಿ ಬಂದು ಒಳಗೆ ಕಪ್ಪು ಬಣ್ಣ ಹೊಡೆದ. ತೆಕ್ಕಲಕೋಟೆಯವನು. ಬಣ್ಣ ಹೊಡೆಯುತ್ತ ತಟ್ಟನೆ ಕೇಳಿದ.

"ಅಣ್ಣಾ, ನಮ್ಮ ಹಾಸ್ಟೆಲ್ ಗುಂಡಿ ಯಾರು ಕ್ಲೀನ್ ಮಾಡ್ತಾರ?"

"ಮಷಿನ್ ಬರ್ತತಿ" ಎಂದೆ.

ಮಷಿನ್ ಬರುವುದು ನಿಜ. ಅದು ಮೇಲಿನ ನೀರು ಎಳೆದುಕೊಂಡು ಹೋಗುತ್ತದೆ. ತಳದಲ್ಲಿ ಕಟ್ಟಿಕೊಂಡ ಕೆಸರು ಅದಕ್ಕೆ ಬರುವುದಿಲ್ಲ. ಹೋದ ಜೂನ್‌ನಲ್ಲಿ ಆಫೀಸಿನವರು ನನ್ನನ್ನೇ ಕರೆದು, "ನಿಮ್ಮೋರ ಯಾರದಾರ ನಂಬರ್ ಇರ್ತತಲ್ಲ, ಫೋನ್ ಹಚ್ಚು" ಎಂದಿದ್ದರು. ಇಬ್ಬರು ಬಂದರು. ಚಡ್ಡಿಯಲ್ಲಿ ಇಳಿದರು. ಭಾನುವಾರ, ಹುಡುಗರು ಊರಿಗೆ ಹೋಗಿದ್ದ ದಿನ. ಫೋನ್ ಹಚ್ಚಿದ ಕೈ ಇದೇ. ವಿರೂಪಾಕ್ಷಿಗೆ ನಾನು ಅದನ್ನು ಹೇಳಲಿಲ್ಲ. ಹೇಳಿದರೆ ಅವನು ಇನ್ನೊಬ್ಬರಿಗೆ ಹೇಳುತ್ತಾನೆ. ಅದು ಆಫೀಸಿಗೆ ಹೋಗುತ್ತದೆ. ನನ್ನ ತಲೆಯಲ್ಲಿ ಎಲ್ಲ ಮಾತೂ ಕೊನೆಗೆ ಆಫೀಸಿಗೇ ಹೋಗುತ್ತದೆ.

ಭಾನುವಾರ ಸಿರುಗುಪ್ಪದ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಹೊಲಿಯುತ್ತಿದ್ದ ಚಪ್ಪಲಿ ಕೆಳಗಿಟ್ಟು ನಗತೊಡಗಿದ.

"ಹೇಲಿನ ಗುಂಡಿನ ಕಟ್ಟಿಗಿಲೆ ಮಾಡಿಯೇನಲೇ? ಇದನ್ನ ಕಲಿಯಾಕ ಅವರು ಫೀಜು ಬ್ಯಾರೆ ಕಟ್ತಾರೇನು?"

"ಅದು ಪಾಠ ಅಪ್ಪಾ."

"ನಾನು ಪಾಠ ಹೇಳಬೇಕಂತನು! ಕೇಳಿದ್ಯಾ ಸಾವಂತ್ರಿ, ನಿನ್ನ ಗಂಡ ಮಾಸ್ತರ ಆದ."

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಬ್ಯಾಡ" ಎಂದಳು. "ಅವರಿಗಿ ಬೇಕಾದ್ರ ಅವರ ಇಳಿಲಿ. ನೀ ಹೋಗಬ್ಯಾಡ."

"ಹುಡುಗನ ನೌಕರಿ ಐತೇ."

"ನೌಕರಿಗಿ ಮೈ ತೋರಿಸಬೇಕೇನು?"

ಅಪ್ಪ ಕೆಳಗಿಟ್ಟ ಚಪ್ಪಲಿ ಎತ್ತಿಕೊಂಡು ಒಂದು ಹೊಲಿಗೆ ಹಾಕಿದ. ಆಮೇಲೆ ನನ್ನ ಕಡೆ ನೋಡಿ, "ಬರ್ತೀನಿ ನಾಯ್ನಾ, ಕಟ್ಟಿಗಿ ಏನು ಮಾಡ್ತತಿ?" ಎಂದ.

ನಾನು ಅವ್ವನ ಮಾತಿನ ಕಡೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಬೇಡ, ಬೇಡ ಎಂದು ಬಾಯಲ್ಲೇ ಅಂದುಕೊಂಡೆ. ಪಕ್ಕದವನು ಏನಂದ್ರಿ ಎಂದು ಕೇಳಿದ.

ಇನ್‌ಸ್ಪೆಕ್ಷನ್ ದಿನ ಅಪ್ಪ ಎಂಟು ಗಂಟೆಗೇ ಬಂದ. ಒಗೆದ ಬಿಳಿ ಅಂಗಿ, ಧೋತ್ರ. ಕೈಚೀಲದಲ್ಲಿ ಒಂದು ಹಗ್ಗ.

"ಹಗ್ಗ ಯಾಕಪ್ಪಾ? ಇಲ್ಲಿ ಬೇಕಾಗಂಗಿಲ್ಲ."

"ಹಗ್ಗ ಇಲ್ದ ಇಳಿತಾರೇನಲೇ? ನಿನ್ನ ಓದು ಸುಡು."

ವರ್ಕ್‌ಶಾಪಿನಲ್ಲಿ ಪೆಟ್ಟಿಗೆ ನೋಡಿದವನೇ ಸುತ್ತು ಹಾಕಿದ. ಬೆರಳಿನಿಂದ ತಟ್ಟಿದ. ಮೆಟ್ಟಿಲು ಹತ್ತಿ ಪೆಟ್ಟಿಗೆಯ ಬಾಯಿಗೆ ಕೈ ಹಚ್ಚಿ ಅಗಲ ನೋಡಿದ. ಅಷ್ಟರಲ್ಲಿ ಮೇಡಂ ಬಂದು ಕೈಮುಗಿದರು. ಅಪ್ಪ ಗಾಬರಿಯಾಗಿ ಎರಡು ಮೆಟ್ಟಿಲು ಒಮ್ಮೆಲೇ ಇಳಿದ.

"ಹೇಗಿದೆ ಎರ್ರೆಪ್ಪನವರೇ? ಸರಿಯಾಗಿದೆಯಾ?"

"ಚಲೋ ಐತ್ರಿ ಅಮ್ಮಾರ. ಬಾಯಿ ಒಂಚೂರು ತಪ್ಪೈತ್ರಿ. ಇಷ್ಟು ಅಗಲ ಎಲ್ಲಿ ಇರ್ತತ್ರಿ? ಇದರಾಗ ಎಮ್ಮಿ ಇಳಿತತಿ. ಕಟ್ಟೋರು ಇಷ್ಟೇ ಬಿಡ್ತಾರ" ಎಂದು ಎರಡೂ ಕೈಯಿಂದ ಅಳತೆ ತೋರಿಸಿದ. "ಒಂದು ಕೈ ಮ್ಯಾಲ, ಒಂದು ಕೈ ಕೆಳಗ. ಆಗ ಭುಜ ಒಳಗ ಹೋಗ್ತತ್ರಿ."

ಮೇಡಂ ಮುಖ ಅರಳಿತು. "ನೋಡಿ, ಇದನ್ನೇ ನಾನು ಹೇಳೋದು! ನಾವು ಪುಸ್ತಕದ ಅಳತೆ ಬರೆದಿದ್ದೇವೆ. ನಿಜ ಇವರಿಗೆ ಗೊತ್ತು. ಅಮರೇಶ್, ಒಂದು ಗಂಟೆಯಲ್ಲಿ ಚಿಕ್ಕದು ಮಾಡೋಕೆ ಆಗುತ್ತಾ?"

"ಮತ್ತ ಒಂದು ಕ್ವಾರ್ಟರ್ ಬೇಕ್ರಿ" ಎಂದ ಅಪ್ಪ.

"ಏನು?"

"ಕ್ವಾರ್ಟರ್ರಿ. ಕುಡೀದ ಒಳಗ ಹೋಗಾಕ ಆಗಂಗಿಲ್ರಿ. ಯಾರೂ ಹೋಗಂಗಿಲ್ಲ."

ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಅದೊಂದು ಬೇಡ ಎರ್ರೆಪ್ಪನವರೇ. ಕಾಲೇಜು ಇದು. ಇಲ್ಲಿ ಏನೂ ವಾಸನೆ ಇರಲ್ಲವಲ್ಲ" ಎಂದರು. ಅಪ್ಪ ತಲೆಯಾಡಿಸಿದ. ಆದರೆ ಅವನ ನಗು ಅಲ್ಲಿಗೆ ನಿಂತುಹೋಯಿತು. ನನಗೆ ಅದು ಕಂಡಿತು.

ನಾನು ಒಂದು ಪ್ಲೈವುಡ್ ಬಳೆ ಕೊಯ್ದು ಆ ಬಾಯಿಗೆ ಒಳಗಿನಿಂದ ಬಡಿದೆ. ನಮ್ಮಪ್ಪ ಹೋಗಬೇಕಾದ ತೂತನ್ನು ನಾನೇ ಚಿಕ್ಕದು ಮಾಡಿದೆ. ಸಿಬಿರು ತಾಗದಿರಲೆಂದು ಅಂಚಿಗೆ ಉಪ್ಪುಕಾಗದ ತಿಕ್ಕಿದೆ. ಅಷ್ಟು ಮಾಡಿದರೆ ಸಾಕೇನೋ ಎನ್ನುವಂತೆ ತಿಕ್ಕುತ್ತಲೇ ಇದ್ದೆ.

ಕಸ ಗುಡಿಸುವ ಸತ್ಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳದೂ ಗುತ್ತಿಗೆ. ಮಧ್ಯಾಹ್ನ ನಾವಿಬ್ಬರೂ ವರ್ಕ್‌ಶಾಪಿನ ಹಿಂದೆ ಕೂತು ಉಣ್ಣುತ್ತೇವೆ. ಸ್ಟಾಫಿನವರ ಊಟದ ಮನೆಗೆ ಹೋಗಬೇಡಿ ಎಂದು ಯಾರೂ ಹೇಳಿಲ್ಲ. ಬನ್ನಿ ಎಂದೂ ಹೇಳಿಲ್ಲ.

"ನಿಮ್ಮಪ್ಪನ ಇಳಿಸ್ತಿಯೇನಪಾ?" ಎಂದಳು.

"ಆಟ ಸತ್ಯಮ್ಮಾ, ಬರೀ ಆಟ."

"ಹೂಂ" ಎಂದು ಪೊರಕೆ ಎತ್ತಿಕೊಂಡು ಹೋದಳು.

ಸೆಮಿನಾರ್ ಹಾಲಿನಲ್ಲಿ ಏಸಿ ಜೋರಾಗಿತ್ತು. ಬಿಳಿ ಟೈಲ್ಸಿನ ನೆಲ. ಮುಂದಿನ ಸಾಲಿನಲ್ಲಿ ಇನ್‌ಸ್ಪೆಕ್ಷನ್ನಿನ ಮೂವರು, ಹಿಂದೆ ಎಂಬತ್ತು ವಿದ್ಯಾರ್ಥಿಗಳು. ಪ್ರಿನ್ಸಿಪಾಲರು ಅಪ್ಪನಿಗೆ ಶಾಲು ಹೊದಿಸಿದರು. ಫೋಟೋ ತೆಗೆದರು. ಚಪ್ಪಾಳೆ ಬಿತ್ತು. ಅಪ್ಪ ಎಲ್ಲ ದಿಕ್ಕಿಗೂ ತಿರುಗಿ ಕೈಮುಗಿದ. ಮೇಡಂ ಮೈಕ್ ಹಿಡಿದು ಮಾತಾಡಿದರು. ಒಳ್ಳೆಯ ಮಾತುಗಳೇ. ಈ ಕೆಲಸವನ್ನು ಕಾನೂನು ನಿಷೇಧಿಸಿದೆ ಎಂದರು. ಆದರೂ ಜನ ಸಾಯುತ್ತಿದ್ದಾರೆ ಎಂದರು. ನಾಳೆ ನೀವು ಬರೆಯುವ ಒಂದೊಂದು ಗೆರೆಯ ಕೆಳಗೆ ಒಬ್ಬ ಮನುಷ್ಯನ ಮೈ ಇರುತ್ತದೆ ಎಂದರು.

ಆಮೇಲೆ, "ಎರ್ರೆಪ್ಪನವರೇ" ಎಂದರು.

ಅಪ್ಪ ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟ. ಅಂಗಿ ಬಿಚ್ಚಿದ. ಧೋತ್ರ ಬಿಚ್ಚಿದ. ಚಡ್ಡಿಯಲ್ಲಿ ನಿಂತ. ಹೀಗೆ ಮಾಡುತ್ತಾನೆಂದು ಮೇಡಂಗೆ ಗೊತ್ತಿರಲಿಲ್ಲ. ಅಂಗಿ ತೊಟ್ಟೇ ತೋರಿಸುತ್ತಾನೆ ಎಂದುಕೊಂಡಿದ್ದರೇನೋ. ಅಂಗಿ ತೊಟ್ಟು ಯಾರೂ ಗುಂಡಿಗೆ ಇಳಿಯುವುದಿಲ್ಲ. ಅದನ್ನು ನಾನು ಮೊದಲೇ ಹೇಳಬೇಕಿತ್ತು. ಮುಂದಿದ್ದ ಹುಡುಗಿಯರು ತಲೆ ತಗ್ಗಿಸಿದರು. ಹಿಂದಿನವರು ಫೋನ್ ಎತ್ತಿ ಹಿಡಿದರು. ಏಸಿ ಗಾಳಿಗೆ ಅಪ್ಪನ ಎದೆಯ ಬಿಳಿ ಕೂದಲು ನಿಮಿರಿತು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು.

ಒಬ್ಬ ಹುಡುಗ ಟೇಪು ತಂದು ಅಪ್ಪನ ಭುಜಕ್ಕೆ ಹಚ್ಚಿ ಅಳತೆ ಕೂಗಿದ. ಇನ್ನೊಬ್ಬ ಬೋರ್ಡಿನ ಮೇಲೆ ಬರೆದ. ಕುರುಗೋಡಿನಲ್ಲಿ ಕಂಬಕ್ಕೆ ಹಿಡಿದ ಹಾಗೆಯೇ ಹಿಡಿದಿದ್ದ ಟೇಪನ್ನು.

"ಕಚಗುಳಿ ಆಗ್ತತಲೇ ತಮ್ಮಾ" ಎಂದ ಅಪ್ಪ. ಎಲ್ಲರೂ ನಕ್ಕರು. ಅಪ್ಪನೂ ನಗಲು ನೋಡಿದ.

ಹಗ್ಗವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದ. ಎರಡು ಸಲ ಜಗ್ಗಿ ನೋಡಿದ. ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಏನೂ ಅನ್ನಲಿಲ್ಲ.

"ಗಮನಿಸಿ" ಎಂದರು ಮೇಡಂ, "ಹಗ್ಗ ಮಗನ ಕೈಯಲ್ಲಿದೆ. ಇವರಲ್ಲಿ ಅದೊಂದು ಪದ್ಧತಿ."

ಆ ಪದ್ಧತಿಯನ್ನೂ ನಾನೇ ಹೇಳಿಕೊಟ್ಟಿದ್ದೆ.

ಅಪ್ಪ ಮೆಟ್ಟಿಲು ಹತ್ತಿದ. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ನಿಂತು ಬಾಯೊಳಗೆ ಬಗ್ಗಿ ನೋಡಿದ. ಒಳಗೆ ವಿರೂಪಾಕ್ಷಿ ಹೊಡೆದ ಕಪ್ಪು ಬಣ್ಣ. ಅಪ್ಪ ಒಂದು ಕಾಲು ಎತ್ತಿದ. ಹಾಗೇ ಇಳಿಸಿದ. ಇನ್ನೊಂದು ಕಾಲು ಎತ್ತಿದ. ಇಳಿಸಿದ.

"ಸಾವಕಾಶ ಮಾಡು ಎರ್ರೆಪ್ಪ" ಎಂದರು ಪ್ರಿನ್ಸಿಪಾಲರು.

ಹಗ್ಗ ನನ್ನ ಕೈಯಲ್ಲಿ ಅದುರತೊಡಗಿತು. ನಡುಗುತ್ತಿರುವುದು ನನ್ನ ಕೈ ಎಂದುಕೊಂಡೆ. ಅಲ್ಲ. ಅದುರು ಆ ತುದಿಯಿಂದ ಬರುತ್ತಿತ್ತು. ಅಪ್ಪನ ಮೊಳಕಾಲು ಕುಣಿಯುತ್ತಿದ್ದವು. ಅವನು ಬಾಯಿ ತೆರೆದು ಉಸಿರು ಎಳೆಯುತ್ತಿದ್ದ. ಬರುತ್ತಿರಲಿಲ್ಲ. ಅದು ಕಟ್ಟಿಗೆ ಎಂದು ಅಪ್ಪನ ತಲೆಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಕುರುಗೋಡಿನಲ್ಲಿ ಕಂಡ ಗುಂಡಿಯ ಬಾಯಿಯ ಮುಂದೆ ಆ ಮೈ ನಿಂತಿತ್ತು.

ಅಪ್ಪನ ಚಡ್ಡಿ ಒದ್ದೆಯಾಯಿತು.

ನೀರು ತೊಡೆಗುಂಟ ಇಳಿಯಿತು. ಮೊಳಕಾಲು, ಮೀನಖಂಡ, ಹಿಮ್ಮಡಿ. ಮೆಟ್ಟಿಲ ಮೇಲೆ ಬಿದ್ದು ಒಂದೊಂದೇ ಮೆಟ್ಟಿಲು ಇಳಿದು ಬಿಳಿ ನೆಲದ ಮೇಲೆ ಹರಡಿತು. ಸದ್ದು ಕೇಳಿಸಿತು. ಎಲ್ಲೋ ಹಿಂದೆ ಒಬ್ಬ ಕಿಸಕ್ಕೆಂದ. ಯಾರೋ ಅವನಿಗೆ ಹೊಡೆದರು.

ಪ್ರಿನ್ಸಿಪಾಲರು ಎರಡೇ ಹೆಜ್ಜೆಯಲ್ಲಿ ನನ್ನ ಹತ್ತಿರ ಬಂದರು. ಮುಖದ ಮೇಲೆ ಅತಿಥಿಗಳಿಗಾಗಿ ಇಟ್ಟುಕೊಂಡ ನಗು ಹಾಗೇ ಇತ್ತು. ತುಟಿ ಅಲುಗದಂತೆ ಮಾತಾಡಿದರು.

"ಜಲ್ದಿ ಒರಸು. ಒರಸಿ ಅವನ್ನ ಹಿಂದಿನ ಬಾಗಿಲಿಂದ ಕರಕೊಂಡು ಹೋಗು."

ನಾನು ಒರೆಸಲು ಬಗ್ಗಿದೆ. ಸುಳ್ಳು ಹೇಳುವುದಿಲ್ಲ. ನನ್ನ ಸೊಂಟ ತಾನಾಗಿಯೇ ಬಗ್ಗಿತು. ಜೇಬಿನಿಂದ ವರ್ಕ್‌ಶಾಪಿನ ಬಟ್ಟೆಯನ್ನೂ ತೆಗೆದೆ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಅಪ್ಪ ಇಳಿದು ಬಂದ. ಕುರ್ಚಿಯ ಮೇಲಿದ್ದ ತನ್ನ ಬಿಳಿ ಅಂಗಿ ತೆಗೆದುಕೊಂಡ. ನೆಲಕ್ಕೆ ಕೂತ.

"ತಪ್ಪಾತ್ರಿ ಸಾಹೇಬ್ರ. ನಾನ ಒರಸ್ತೀನ್ರಿ. ನಾನ ಮಾಡಿದ್ದು, ನಾನ ಒರಸ್ತೀನ್ರಿ. ಹುಡುಗನ್ನ ಬೈಬ್ಯಾಡ್ರಿ."

ಒಗೆದ ಅಂಗಿ ನೆಲಕ್ಕೆ ಮುಟ್ಟುವುದರೊಳಗೆ ನಾನು ಅವನ ಮುಂಗೈ ಹಿಡಿದೆ.

"ಮುಟ್ಟಬ್ಯಾಡಪ್ಪಾ."

"ಬಿಡಲೇ. ನಿನ್ನ ನೌಕರಿ..."

"ಮುಟ್ಟಬ್ಯಾಡ."

"ಅಮರೇಶ!" ಎಂದರು ಪ್ರಿನ್ಸಿಪಾಲರು. ನಗು ಹೋಗಿತ್ತು. "ಏನು ನಡಿಸೀಯಿದು? ಒರಸು ಅಂದ್ನಿಲ್ಲೋ?"

"ಒರಸಂಗಿಲ್ಲ ಸರ್."

"ಏನಂದಿ?"

ಇನ್ನೊಮ್ಮೆ ಹೇಳಲಾರೆ ಅನ್ನಿಸಿತು. ಹೇಳಿದೆ.

"ನಾನು ಒರಸಂಗಿಲ್ರಿ. ಅಪ್ಪನೂ ಒರಸಂಗಿಲ್ಲ."

"ಮತ್ತ ನಾನು ಒರಸಲೇನು?"

"ನನಗ ಗೊತ್ತಿಲ್ರಿ."

ಇನ್‌ಸ್ಪೆಕ್ಷನ್ನಿನವರಲ್ಲಿ ಒಬ್ಬರು ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೇಡಂ ಮೈಕ್ ಹಿಡಿದೇ ನಿಂತಿದ್ದರು. ಅವರ ಬಾಯಿಂದ "ಸಾರಿ ಅಮರೇಶ್, ನನಗೆ..." ಎಂದಷ್ಟೇ ಬಂತು. ಅದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಅವರ ಮುಖ ನೋಡಿ ನನಗೆ ಮರುಕ ಬಂತು. ಆಮೇಲೆ ಆ ಮರುಕದ ಮೇಲೆಯೇ ಸಿಟ್ಟು ಬಂತು. ನಮ್ಮಪ್ಪ ಒದ್ದೆ ಚಡ್ಡಿಯಲ್ಲಿ ನೆಲಕ್ಕೆ ಕೂತಿದ್ದಾನೆ. ನಾನು ಅವರನ್ನು ಸಮಾಧಾನ ಮಾಡಬೇಕೇ?

ಅಪ್ಪನನ್ನು ಎಬ್ಬಿಸಿ ಅವನ ಸೊಂಟದ ಗಂಟು ಬಿಚ್ಚಲು ಹೋದೆ. ಬಿಗಿದಿತ್ತು, ಬಿಚ್ಚಲಿಲ್ಲ. ಹಗ್ಗ ಸೊಂಟದಲ್ಲಿದ್ದಂತೆಯೇ ಧೋತ್ರ ಸುತ್ತಿದೆ. ಅಂಗಿ ತೊಡಿಸಿದೆ. ಗುಂಡಿ ಹಾಕುವಾಗ ಮೇಲಿನದು ಕೆಳಗಾಯಿತು. ಅಪ್ಪ ಮಗುವಿನ ಹಾಗೆ ನಿಂತಿದ್ದ. ಶಾಲನ್ನು ಅಲ್ಲೇ ಬಿಟ್ಟೆವು. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಸಾಲುಗಳ ನಡುವೆ ಹಾದು ಮುಂದಿನ ಬಾಗಿಲಿಗೇ ನಡೆದೆವು.

ಬಾಗಿಲ ಹತ್ತಿರ ವಿರೂಪಾಕ್ಷಿ ನಿಂತಿದ್ದ. ಕಣ್ಣು ಕೆಂಪಾಗಿತ್ತು. ಅವನನ್ನು ನೋಡಿದ ಕೂಡಲೇ ನನ್ನ ಬಾಯಿಂದ ಮಾತು ಬಿತ್ತು. ಮೆಲ್ಲಗೆ ಹೇಳಬೇಕೆಂದಿದ್ದೆ. ಹೆದರಿದ ದನಿ ಅಳತೆಯಲ್ಲಿ ಇರುವುದಿಲ್ಲ. ಜೋರಾಗಿ ಬಂತು.

"ನಿಮ್ಮ ಹಾಸ್ಟೆಲ್ ಗುಂಡಿಗಿ ಮಷಿನ್ ಅಷ್ಟೇ ಅಲ್ಲಪಾ, ಮನುಷ್ಯರು ಇಳಿತಾರ. ಹೋದ ಜೂನ್ ತಿಂಗಳಾಗ ಇಬ್ಬರು ಇಳಿದ್ರು. ಆಫೀಸಿನೋರು ಹೇಳಿದ್ರು, ನಾನ ಫೋನ್ ಹಚ್ಚಿ ಕರೆಸಿದೆ. ಅವತ್ತು ನಿನಗ ಸುಳ್ಳು ಹೇಳಿದೆ."

ಹಾಲಿನಲ್ಲಿ ಗುಜುಗುಜು ಎದ್ದಿತು. ನಾನು ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ರಸ್ತೆ ದಾಟಿ ಸಿರುಗುಪ್ಪದ ಬಸ್ಸಿಗೆ ನಿಂತೆವು. ಬಿಸಿಲು ಸುಡುತ್ತಿತ್ತು. ಅಪ್ಪನ ಮೈ ಇನ್ನೂ ತಣ್ಣಗಿತ್ತು. ನಾನು ಕಾಲೇಜಿನ ಗೇಟನ್ನೇ ನೋಡುತ್ತಿದ್ದೆ. ಯಾರಾದರೂ ಬರುತ್ತಾರೆ, ಹಿಡಿದುಕೊಂಡು ಹೋಗುತ್ತಾರೆ ಅನ್ನಿಸುತ್ತಿತ್ತು. ಯಾರೂ ಬರಲಿಲ್ಲ. ಅದೂ ಹೆದರಿಕೆಯೇ ಆಯಿತು.

ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ಮೊದಲ ಸಲ ಮಾತಾಡಿದ.

"ನಾನು ಇಳಿತಿದ್ದೆ ನಾಯ್ನಾ. ಒಂದು ಗಳಿಗಿ ಬಿಟ್ಟಿದ್ರ ಇಳಿತಿದ್ದೆ. ಕ್ವಾರ್ಟರ್ ಕೊಟ್ಟಿದ್ರ..."

"ಇರ್ಲಿ ಬಿಡಪ್ಪಾ."

"ನಿನ್ನ ನೌಕರಿ ಹೋತು."

"ಹೋತು."

ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿಯಾಗಿತ್ತು. ಇನ್ನು ಆ ಗೇಟಿಗೆ ಹೋಗುವುದಿಲ್ಲ. ಉಳಿ, ಗರಗಸ ಅಲ್ಲೇ ಇರಲಿ. ಫೋನ್ ಎತ್ತುವುದಿಲ್ಲ. ಸಿರುಗುಪ್ಪದಲ್ಲೇ ಬಡಗಿ ಕೆಲಸ ಹುಡುಕುತ್ತೇನೆ. ಬೈಯುವವರ ಮುಂದೆ ನಿಲ್ಲುವುದು ನನ್ನಿಂದ ಆಗದು. ಹಾಲಿನಲ್ಲಿ ನಿಂತದ್ದೇ ಹೇಗೆಂದು ನನಗೆ ತಿಳಿಯದು.

ಅಪ್ಪ ಕಿಟಕಿಯ ಕಡೆ ತಿರುಗಿ ಕೂತಿದ್ದ. ತೆಕ್ಕಲಕೋಟೆ ದಾಟಿತು. ಗದ್ದೆಗಳು ಬಂದವು.

"ಅದನ್ನ ಯಾರು ಒರಸಿರ್ತಾರಲೇ?" ಎಂದ.

"ಗೊತ್ತಿಲ್ಲಪ್ಪಾ."

"ನೀ ಒಲ್ಲೆ ಅಂದಿ. ನನಗೂ ಬಿಡಲಿಲ್ಲ." ಕಿಟಕಿಯಿಂದ ಮುಖ ತಿರುಗಿಸಿ ಅಂದ, "ನಮ್ಮೋರ ಯಾರೋ ಒರಸಿರ್ತಾರ."

ಸತ್ಯಮ್ಮ. ಅವಳು ನನಗೆ ನೆನಪೇ ಆಗಿರಲಿಲ್ಲ. ನಾನು ಒಲ್ಲೆ ಎಂದು ಬಂದುಬಿಟ್ಟೆ. ನಾನು ಬಿಟ್ಟು ಬಂದದ್ದು ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಬಿ.ಎ. ಓದಿದವನು.

ಫೋನ್ ತೆಗೆದು ಕೈಯಲ್ಲಿ ಹಿಡಿದು ಕೂತೆ. ಏನೆಂದು ಕೇಳುವುದು? ನಮ್ಮಪ್ಪನ ಉಚ್ಚೆ ಒರೆಸಿದೆಯಾ ಎಂದೇ? ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅದೇ ಹೊಡೆದುಕೊಂಡಿತು. ಸತ್ಯಮ್ಮ. ಎತ್ತಲು ಹೆದರಿದೆ. ಎತ್ತಿದೆ.

"ಎಲ್ಲದೀಪಾ?" ಮೆಲುದನಿ. ಎಲ್ಲೋ ಮರೆಯಲ್ಲಿ ನಿಂತು ಮಾತಾಡುತ್ತಿದ್ದಳು.

"ಊರಿಗಿ ಬಂದ್ವಿ ಸತ್ಯಮ್ಮಾ. ಅದು... ನಿನಗ ಹೇಳಿದ್ರೇನು?"

"ಹೇಳಿದ್ರು. ಬಕೆಟ್ಟೂ ಬಟ್ಟಿನೂ ಕೊಟ್ಟು ಹೋಗು ಅಂದ್ರು."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಹೋದ್ನಿ. ಬಾಗಿಲ ಮಟ ಹೋದ್ನಿ. ಆ ಮೆಟ್ಟಿಲ ಮ್ಯಾಗ ನಿಮ್ಮಪ್ಪನ ಹೆಜ್ಜಿ ಮೂಡಿದ್ವು, ಒದ್ದಿ ಹೆಜ್ಜಿ. ಮಗಾ ಒಲ್ಲೆ ಅಂದಾನಂತ, ನಾ ಹೆಂಗ ಒರಸ್ಲಿ? ಒಲ್ಲೆ ಅಂದೆ. ಬಕೆಟ್ ಅಲ್ಲೇ ಇಟ್ಟು ಬಂದೆ."

"ಏನಂದ್ರು?"

"ಏನಂತಾರ? ನಾಳಿ ಒಂಬತ್ತಕ್ಕ ಆಫೀಸಿಗಿ ಬಾ ಅಂದ್ರು. ನಿನಗೂ ಹೇಳಂದ್ರು." ಅವಳ ಉಸಿರು ಫೋನಿನಲ್ಲಿ ಬಡಿಯುತ್ತಿತ್ತು. "ನಂಗ ಅಂಜಿಕಿ ಬರಾಕತ್ತೈತೆಪಾ. ಜಲ್ಮದಾಗ ಒಲ್ಲೆ ಅಂದಾಕಿ ಅಲ್ಲ ನಾನು. ನೀ ಬರ್ತಿಯಿಲ್ಲೋ? ಒಬ್ಬಾಕಿನ್ನ ಬಿಡಬ್ಯಾಡಪಾ."

ಅಪ್ಪ ಎರಡು ಹೆಜ್ಜೆ ಮುಂದೆ ಹೋಗಿ ನಿಂತು ನನ್ನನ್ನೇ ನೋಡುತ್ತಿದ್ದ. ಬಸ್ಸುಗಳ ಗದ್ದಲ. ಹೋಗುವುದಿಲ್ಲ ಎಂದು ಮಾಡಿಕೊಂಡ ಲೆಕ್ಕವೆಲ್ಲ ಹಾಗೇ ಇತ್ತು. ಪ್ರಿನ್ಸಿಪಾಲರ ಟೇಬಲ್ಲು, ಅದರ ಮುಂದೆ ಕುರ್ಚಿ ಇದ್ದರೂ ನಿಂತೇ ಇರಬೇಕಾದ ಜಾಗ, ಎಲ್ಲ ಕಣ್ಣಿಗೆ ಬಂತು.

"ಒಳಗ ಹೋಗಬ್ಯಾಡ ಸತ್ಯಮ್ಮಾ" ಎಂದೆ. "ಗೇಟಿನ ಹತ್ರ ನಿಂದ್ರು. ಎಂಟೂವರಿಗಿ ನಾ ಅಲ್ಲಿ ಇರ್ತೀನಿ."